ರಸ್ತೆ ಅಗಲವಾಯಿತು, ಪರಿಹಾರ ಯಾರಿಗೆ ಸಿಕ್ಕಿತು?

ಭಾನುವಾರ ಬೆಳಿಗ್ಗೆ ಊರಿನಿಂದ ಫೋನ್ ಬಂದರೆ ಬೆಂಗಳೂರಲ್ಲಿರುವ ನಮ್ಮಂಥವರಿಗೆ ಮೊದಲು ಎದೆ ಧಸಕ್ ಅನ್ನುತ್ತದೆ. ಅವತ್ತು ಫೋನ್ ಮಾಡಿದ್ದು ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದ ಮಾಷ್ಟ್ರು. ರಿಟೈರ್ ಆಗಿ ಹತ್ತು ವರ್ಷದ ಮೇಲಾಯಿತು, ಕಟಪಾಡಿಯಲ್ಲೇ ಇದ್ದಾರೆ.

"ಎಂತ ಮಾರಾಯ, ನಿನ್ನ ಆ ಬಟನ್ ಎಲ್ಲಿಗೆ ಹೋಯಿತು?"

"ಯಾವ ಬಟನ್ ಮಾಷ್ಟ್ರೇ?"

"ಬ್ರೌಸರಿನ ಮೇಲೆ ಬಲಗಡೆ ಇತ್ತಲ್ಲ, ಒತ್ತಿದರೆ ಹಳೇ ಲೇಖನ ಎಲ್ಲ ಸರಿ ಕನ್ನಡ ಆಗುತ್ತಿತ್ತು. ನಿನ್ನೆಯಿಂದ ಇಲ್ಲ. ನಾನು ಎಂತದೂ ಡಿಲೀಟ್ ಮಾಡಲಿಲ್ಲ, ದೇವರಾಣೆ."

ಅವರು ಏನೂ ಮಾಡಿರಲಿಲ್ಲ. ಮಾಡಬೇಕಾದವನು ನಾನು. ನಾನೂ ಏನೂ ಮಾಡಿರಲಿಲ್ಲ.

ಆ ಬಟನ್ ನಾನು ಬರೆದ ಸಣ್ಣ ಬ್ರೌಸರ್ ಎಕ್ಸ್‌ಟೆನ್ಶನ್. ಯುನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡದ ವೆಬ್ ಪುಟಗಳು ಒಂದೊಂದು ಒಂದೊಂದು ಫಾಂಟ್ ನಂಬಿಕೊಂಡಿದ್ದವು. ನುಡಿ, ಬರಹ, ಶ್ರೀಲಿಪಿ, ಪತ್ರಿಕೆಗಳ ಸ್ವಂತದ್ದು ಬೇರೆ. ಆ ಫಾಂಟ್ ನಿಮ್ಮಲ್ಲಿ ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಕೊಂಬು, ಚುಕ್ಕೆ ಇಟ್ಟಂಥ ವಿಚಿತ್ರ ಸಾಲುಗಳು ಕಾಣುತ್ತವೆ. ಮಾಷ್ಟ್ರು ಯಕ್ಷಗಾನದ ಬಗ್ಗೆ, ತುಳುನಾಡಿನ ಭೂತಾರಾಧನೆಯ ಬಗ್ಗೆ ಅಂಥ ಹಳೆಯ ಪುಟಗಳನ್ನು ನೂರಾರು ಉಳಿಸಿಟ್ಟುಕೊಂಡಿದ್ದರು. ಅವರಿಗಾಗಿ ನಾನು ಬರೆದದ್ದು ಮುನ್ನೂರು ಚಿಲ್ಲರೆ ಸಾಲಿನ ಕೋಡ್. ಬಳಸುತ್ತಿದ್ದವರು ಅರವತ್ತು ಎಪ್ಪತ್ತು ಜನ, ಹೆಚ್ಚಿನವರು ಮಾಷ್ಟ್ರ ಸ್ನೇಹಿತರೇ. ಯಾವ ಬ್ರೌಸರ್ ಅಂತ ಹೇಳುವುದಿಲ್ಲ, ಅದು ಇಲ್ಲಿ ಮುಖ್ಯವೂ ಅಲ್ಲ. ನಿಯಮ ಬದಲಾಗಿದೆ, ಇಂಥ ದಿನದೊಳಗೆ ಹೊಸ ನಮೂನೆಗೆ ಬದಲಿಸಿ, ಇಲ್ಲದಿದ್ದರೆ ನಿಷ್ಕ್ರಿಯ ಮಾಡುತ್ತೇವೆ ಅಂತ ಈಮೇಲ್ ಬಂದಿತ್ತು. ಮೊದಲ ಸಲ ಅಂಥ ಈಮೇಲ್ ಬಂದಾಗ ಎರಡು ಭಾನುವಾರ ಕೂತು ಬದಲಿಸಿದ್ದೆ. ಎರಡನೇ ಸಲ ಆಫೀಸಿನಲ್ಲಿ ರಿಲೀಸ್, ಮನೆಯಲ್ಲಿ ಸಣ್ಣ ಮಗು. ಈಮೇಲಿಗೆ ಸ್ಟಾರ್ ಹಾಕಿಟ್ಟೆ. ಸ್ಟಾರ್ ಈಗಲೂ ಇದೆ.

ನನ್ನದು ಬಿಡಿ, ಅದು ಸಣ್ಣ ಕಥೆ. ದೊಡ್ಡ ಕಥೆ ನೋಡಿ.

ನನ್ನ ವಯಸ್ಸಿನ ಯಾವ ವೆಬ್ ಡೆವಲಪರನ್ನು ಕೇಳಿದರೂ ಫೈರ್‌ಬಗ್ ಹೆಸರು ಹೇಳುತ್ತಾನೆ. ಪುಟದ ಹೊಟ್ಟೆಯೊಳಗೆ ಏನಾಗುತ್ತಿದೆ ಅಂತ ನಮಗೆ ಮೊದಲು ತೋರಿಸಿದ್ದು 2006ರ ಆ ಆಡ್-ಆನ್. ಇವತ್ತು ಹೆಚ್ಚಿನ ಬ್ರೌಸರುಗಳಲ್ಲಿ ಎಫ್12 ಒತ್ತಿದರೆ ತೆರೆದುಕೊಳ್ಳುವ ಕಿಟಕಿಗೆ ದಾರಿ ಮಾಡಿದ್ದು ಅದು. ಫೈರ್‌ಫಾಕ್ಸಿನ ಆಡ್-ಆನ್‌ಗಳಿಗೆ ಆಗ ಬ್ರೌಸರಿನ ಯಾವ ಮೂಲೆಗೆ ಬೇಕಾದರೂ ಕೈ ಹಾಕುವ ಸ್ವಾತಂತ್ರ್ಯ ಇತ್ತು. 2015ರ ಆಗಸ್ಟಿನಲ್ಲಿ ಮೊಜಿಲ್ಲಾ ಹೇಳಿತು: ಈ ಹಳೆಯ ಪದ್ಧತಿ ನಿಲ್ಲಿಸುತ್ತೇವೆ, ಇನ್ನು ಕ್ರೋಮ್ ಮಾದರಿಯ ವೆಬ್‌ಎಕ್ಸ್‌ಟೆನ್ಶನ್ ಮಾತ್ರ. 2017ರ ನವೆಂಬರ್ 14ಕ್ಕೆ ಫೈರ್‌ಫಾಕ್ಸ್ 57 ಬಂತು. ಅಪ್‌ಡೇಟ್ ಆದ ಕೂಡಲೇ ಹಳೆಯ ನಮೂನೆಯ ಆಡ್-ಆನ್ ಒಂದೂ ಕೆಲಸ ಮಾಡಲಿಲ್ಲ. ಡೌನ್‌ದೆಮ್‌ಆಲ್ ಎರಡು ವರ್ಷ ಕಾಣೆಯಾಗಿ, 2019ರಲ್ಲಿ ಅರ್ಧ ಶಕ್ತಿ ಕಳೆದುಕೊಂಡು ವಾಪಸ್ ಬಂತು. ಕ್ಲಾಸಿಕ್ ಥೀಮ್ ರಿಸ್ಟೋರರ್ ಬರಲೇ ಇಲ್ಲ, ಹೊಸ ನಿಯಮದಲ್ಲಿ ಅದು ಮಾಡುತ್ತಿದ್ದ ಕೆಲಸಕ್ಕೆ ಜಾಗವೇ ಇರಲಿಲ್ಲ.

ಮೊಜಿಲ್ಲಾ ಮಾಡಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಎಲ್ಲಿ ಬೇಕಾದರೂ ಕೈ ಹಾಕಬಹುದಾದರೆ ಬ್ರೌಸರಿನ ಒಂದು ತಂತಿ ಸರಿಸಿದರೂ ಯಾರದ್ದೋ ಆಡ್-ಆನ್ ಮುರಿಯುತ್ತದೆ. ಟ್ಯಾಬುಗಳಿಗೆ ಬೇರೆ ಪ್ರೊಸೆಸ್ ಕೊಟ್ಟು ಬ್ರೌಸರ್ ವೇಗ ಮಾಡಬೇಕಾದರೆ ಹಳೇ ಪದ್ಧತಿ ಅಡ್ಡ ಬರುತ್ತಿತ್ತು. ರಸ್ತೆ ಅಗಲ ಮಾಡುವುದು ಬೇಕಿತ್ತು.

ನಮ್ಮ ಕಟಪಾಡಿ ಪೇಟೆಯ ನಡುವೆಯೇ ಹೆದ್ದಾರಿ ಹೋಗುತ್ತದೆ. ಎನ್‌ಎಚ್ 17 ಅಂತಿದ್ದದ್ದು 66 ಆಯಿತು, ಎರಡು ಲೇನ್ ನಾಲ್ಕಾಯಿತು. ಆಗ ಕುಂದಾಪುರದಿಂದ ಸುರತ್ಕಲ್ ತನಕ ಎಷ್ಟೋ ಜನರ ಅಂಗಳ, ಕಂಪೌಂಡು, ಅಂಗಡಿಯ ಎದುರು ಭಾಗ ಹೋಯಿತು. ಇವತ್ತು ಅದೇ ರಸ್ತೆಯಲ್ಲಿ ನಾವೆಲ್ಲ ಕಾರು ಓಡಿಸಿಕೊಂಡು ಊರಿಗೆ ಹೋಗುತ್ತೇವೆ, ಸಂತೋಷವೇ. ಆದರೆ ಜಾಗ ಹೋದವನಿಗೆ 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಲ್ಲಿ ಪರಿಹಾರ ಅಂತ ಒಂದು ಇದೆ. ಕಡಿಮೆ ಕೊಟ್ಟರು, ತಡ ಮಾಡಿದರು ಅಂತ ಜಗಳ ಇದ್ದದ್ದೇ. ಆದರೂ ಜಗಳ ಮಾಡಲಿಕ್ಕೆ ಒಂದು ಆಫೀಸು, ಒಂದು ಕಾನೂನು ಇದೆ. ರಸ್ತೆ ಎಲ್ಲರಿಗೆ ಬೇಕಾದದ್ದು, ಹಾಗಾಗಿ ಅದರ ಖರ್ಚೂ ಎಲ್ಲರದ್ದು ಅನ್ನುವ ತತ್ವವನ್ನಾದರೂ ಒಪ್ಪಿಕೊಂಡಿದ್ದಾರೆ. ಬ್ರೌಸರಿನ ಲೋಕದಲ್ಲಿ ರಸ್ತೆ ಅಗಲ ಆಗುತ್ತಲೇ ಇದೆ. ಖರ್ಚು ಮಾತ್ರ ಅಂಗಳ ಕಳೆದುಕೊಂಡವನದ್ದೇ.

ಈಗ ಗೂಗಲ್‌ನ ಮ್ಯಾನಿಫೆಸ್ಟ್ ವಿ3ಗೆ ಬರೋಣ. ಎಕ್ಸ್‌ಟೆನ್ಶನ್ ಬರೆಯುವವರಿಗೆ ಆರೇಳು ವರ್ಷ ನಿದ್ದೆ ಕೆಡಿಸಿದ್ದು ಇದು. ಪ್ರಸ್ತಾಪ ಹೊರಗೆ ಬಂದದ್ದು 2018ರ ಕೊನೆಯಲ್ಲಿ. 2021ರ ಜನವರಿಯಲ್ಲಿ ಕ್ರೋಮ್ 88ರ ಜೊತೆ ಜಾರಿಗೆ ಬಂತು. 2022ರ ಜನವರಿಯಿಂದ ಹಳೆಯ ವಿ2 ನಮೂನೆಯ ಹೊಸ ಎಕ್ಸ್‌ಟೆನ್ಶನ್‌ಗಳನ್ನು ಸಾರ್ವಜನಿಕವಾಗಿ ಹಾಕಲು ಅಂಗಡಿಯಲ್ಲಿ ಜಾಗ ಇಲ್ಲ ಅಂದರು. ಇರುವುದೆಲ್ಲ 2023ರ ಜನವರಿಗೆ ಬಂದ್ ಅಂದರು. ಆಮೇಲೆ ಜೂನ್ ಅಂದರು. 2022ರ ಡಿಸೆಂಬರಿನಲ್ಲಿ ಸದ್ಯಕ್ಕೆ ತಡೆಯಿರಿ ಅಂದರು. 2023ರ ನವೆಂಬರಿನಲ್ಲಿ ಮತ್ತೆ ಹೊಸ ತಾರೀಕು, 2024ರ ಜೂನ್. ನಮ್ಮಲ್ಲಿ ಕಾಮಗಾರಿಗಳ ಡೆಡ್‌ಲೈನ್ ಹೀಗೆ ಜಾರಿದರೆ ಸರಕಾರಕ್ಕೆ ಬೈಯುತ್ತೇವೆ. ಇಲ್ಲಿ ಜಾರಿದ್ದು ಜಗತ್ತಿನ ಶ್ರೀಮಂತ ಕಂಪನಿಗಳಲ್ಲಿ ಒಂದರದ್ದು.

ಹಾಗಾದರೆ ಟೈಮ್ ಜಾಸ್ತಿ ಸಿಕ್ಕಿತಲ್ಲ, ಎಂತ ತೊಂದರೆ ಅಂತ ಕೇಳಬಹುದು. ತೊಂದರೆ ಇರುವುದೇ ಅಲ್ಲಿ. ವಿ2ರಲ್ಲಿ ಎಕ್ಸ್‌ಟೆನ್ಶನ್‌ಗೆ ಹಿನ್ನೆಲೆಯಲ್ಲಿ ಒಂದು ಪುಟ ಸದಾ ಜೀವಂತ ಇರಬಹುದಿತ್ತು. ವಿ3ರಲ್ಲಿ ಅದರ ಬದಲು ಸರ್ವಿಸ್ ವರ್ಕರ್. ಮೂವತ್ತು ಸೆಕೆಂಡ್ ಕೆಲಸ ಇಲ್ಲದಿದ್ದರೆ ಅದನ್ನು ಮಲಗಿಸುತ್ತಾರೆ, ನೆನಪಿನಲ್ಲಿ ಇಟ್ಟುಕೊಂಡದ್ದೆಲ್ಲ ಹೋಯಿತು. ಅದರೊಳಗೆ ಎಚ್‌ಟಿಎಂಎಲ್ ಬಿಡಿಸಿ ಓದುವ ಸೌಲಭ್ಯವೂ ಇಲ್ಲ, ಒಂದು ಸದ್ದು ಪ್ಲೇ ಮಾಡಲಿಕ್ಕೂ ಆಗುವುದಿಲ್ಲ. ಇದಕ್ಕೆ ಬದಲಿ ವ್ಯವಸ್ಥೆಯಾಗಿ ಆಫ್‌ಸ್ಕ್ರೀನ್ ಡಾಕ್ಯುಮೆಂಟ್ ಅಂತ ಒಂದು ಕೊಟ್ಟರು. ಯಾವಾಗ? ಕ್ರೋಮ್ 109ರಲ್ಲಿ, ಅಂದರೆ 2023ರ ಜನವರಿಯಲ್ಲಿ. ಟ್ಯಾಂಪರ್‌ಮಂಕಿಯಂಥ, ಬಳಕೆದಾರರು ತಮ್ಮದೇ ಸ್ಕ್ರಿಪ್ಟ್ ಓಡಿಸುವ ಎಕ್ಸ್‌ಟೆನ್ಶನ್‌ಗಳಿಗೆ ಬೇಕಾದ ಎಪಿಐ ಬಂದದ್ದು ಕ್ರೋಮ್ 120ರಲ್ಲಿ, 2023ರ ಡಿಸೆಂಬರಿನಲ್ಲಿ. ಎರಡನ್ನೂ ಮೊದಲು ಹೇಳಿದ ತಾರೀಕಿನ ಪಕ್ಕ ಇಟ್ಟು ನೋಡಿ. 2023ರ ಜನವರಿಗೆ ಮನೆ ಖಾಲಿ ಮಾಡಿ ಅಂತ ನೋಟಿಸ್. ಹೊಸ ಮನೆಯ ಬಾವಿ ತೋಡಿದ್ದು ಅದೇ ಜನವರಿಯಲ್ಲಿ, ಅಡುಗೆಮನೆ ಕಟ್ಟಿದ್ದು ಆ ವರ್ಷದ ಕೊನೆಗೆ. ನೋಟಿಸಿಗೆ ಹೆದರಿ ಮೊದಲೇ ಹೋದ ಪ್ರಾಮಾಣಿಕರು ಸುತ್ತು ಬಳಸಿ ಏನೇನೋ ಕೋಡ್ ಬರೆದು, ಸರಿಯಾದ ಎಪಿಐ ಬಂದ ಮೇಲೆ ಅದನ್ನೆಲ್ಲ ಕಿತ್ತು ಮತ್ತೊಮ್ಮೆ ಬರೆದರು. ನೋಟಿಸನ್ನು ಕಡೆಗಣಿಸಿ ಕೂತವರಿಗೇ ಲಾಭ. ಇದು ಯಾವ ಪಾಠ ಕಲಿಸುತ್ತದೆ ನೀವೇ ಹೇಳಿ.

ಅತಿ ಹೆಚ್ಚು ಗಲಾಟೆ ಆದದ್ದು ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ವಿಷಯದಲ್ಲಿ. ವಿ2ರಲ್ಲಿ ಪುಟ ಕೇಳುವ ಒಂದೊಂದು ಕಡತವನ್ನೂ ಎಕ್ಸ್‌ಟೆನ್ಶನ್ ನಡುವೆ ನಿಂತು ನೋಡಿ, ಇದು ಬೇಡ ಅಂತ ತಡೆಯಬಹುದಿತ್ತು. ವಿ3ರಲ್ಲಿ ತಡೆಯುವವನು ಬ್ರೌಸರ್. ಎಕ್ಸ್‌ಟೆನ್ಶನ್ ಮೊದಲೇ ನಿಯಮಗಳ ಪಟ್ಟಿ ಬರೆದುಕೊಟ್ಟು ಸುಮ್ಮನಿರಬೇಕು. ಒಂದು ಎಕ್ಸ್‌ಟೆನ್ಶನ್‌ಗೆ ಖಾತರಿಯಾಗಿ ಸಿಗುವುದು 30,000 ಸ್ಥಿರ ನಿಯಮ, ಅದರ ಮೇಲಿನದ್ದನ್ನು ಎಲ್ಲ ಎಕ್ಸ್‌ಟೆನ್ಶನ್‌ಗಳೂ ಹಂಚಿಕೊಳ್ಳಬೇಕು. ಅದನ್ನು ಬರೆದ ರೇಮಂಡ್ ಹಿಲ್, ಹೊಸ ನಿಯಮಕ್ಕೆ ಹೊಂದುವ ಯುಬ್ಲಾಕ್ ಒರಿಜಿನ್ ಲೈಟ್ ಅಂತ ಬೇರೆಯದೇ ಒಂದನ್ನು ಬರೆದರು. ಹಳೆಯದರಷ್ಟು ಕೆಲಸ ಅದರಿಂದ ಆಗುವುದಿಲ್ಲ. 2025ರಲ್ಲಿ ಕ್ರೋಮ್ 139 ಬರುವಾಗ ಹಳೆಯದಕ್ಕೆ ಉಳಿದಿದ್ದ ಕೊನೆಯ ಬಾಗಿಲೂ ಮುಚ್ಚಿತು. ಜಾಹೀರಾತಿನಿಂದ ದುಡಿಯುವ ಕಂಪನಿ ಜಾಹೀರಾತು ತಡೆಯುವವನ ಕೈಯಿಂದ ಕತ್ತಿ ಕಸಿದು ಚಮಚ ಕೊಟ್ಟಿತು ಅಂತ ಜನ ಹೇಳಿದ್ದರಲ್ಲಿ ಆಶ್ಚರ್ಯ ಏನಿದೆ?

ಸೆಕ್ಯೂರಿಟಿ, ಪ್ರೈವಸಿ ಅನ್ನುತ್ತಾರೆ. ಈ ವಾದವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ದಿ ಗ್ರೇಟ್ ಸಸ್ಪೆಂಡರ್ ಅಂತ ಒಂದು ಒಳ್ಳೆಯ ಎಕ್ಸ್‌ಟೆನ್ಶನ್ ಇತ್ತು, ನಾನೂ ಬಳಸುತ್ತಿದ್ದೆ. ಮೂಲ ಲೇಖಕ ಅದನ್ನು ಬೇರೆಯವರಿಗೆ ವಹಿಸಿಕೊಟ್ಟ ಮೇಲೆ ಅದರೊಳಗೆ ಸಂಶಯದ ಕೋಡ್ ಸೇರಿತು, 2021ರ ಫೆಬ್ರವರಿಯಲ್ಲಿ ಗೂಗಲ್ ತೆಗೆದುಹಾಕಿತು. ಸರಿಯಾಗಿಯೇ ಮಾಡಿತು. ಆದರೆ ವಿ3ರ ಒಳಗೆ ಇಣುಕಿ ನೋಡಿ: ನಡುವೆ ನಿಂತು ತಡೆಯುವ ಶಕ್ತಿ ಹೋಯಿತು, ನಿಂತು ನೋಡುವ ಶಕ್ತಿ ಉಳಿಯಿತು. ಅನುಮತಿ ಪಡೆದ ಎಕ್ಸ್‌ಟೆನ್ಶನ್ ನೀವು ಎಲ್ಲಿಗೆ ಹೋಗುತ್ತೀರಿ ಅಂತ ಈಗಲೂ ಗಮನಿಸಬಹುದು. ಕಳ್ಳನಿಗೆ ಬೇಕಾದದ್ದು ನೋಡುವುದು, ಕಾವಲುಗಾರನಿಗೆ ಬೇಕಾದದ್ದು ತಡೆಯುವುದು. ಇನ್ನೊಂದು ವಿಷಯ, ಕಂಪನಿಗಳು ತಮ್ಮ ಉದ್ಯೋಗಿಗಳ ಕಂಪ್ಯೂಟರಿಗೆ ಪಾಲಿಸಿ ಮೂಲಕ ಹಾಕುವ ಎಕ್ಸ್‌ಟೆನ್ಶನ್‌ಗಳಿಗೆ ಆ ತಡೆಯುವ ಶಕ್ತಿ ವಿ3ರಲ್ಲೂ ಉಂಟು. ಹಳೆಯ ವಿ2 ಓಡಿಸಲಿಕ್ಕೂ ಅವರಿಗೆ 2025ರ ಜೂನ್ ತನಕ ಹೆಚ್ಚುವರಿ ಒಂದು ವರ್ಷ ಕೊಟ್ಟರು. ಅಂದರೆ ತಾಂತ್ರಿಕವಾಗಿ ಅಸಾಧ್ಯ ಅಲ್ಲ. ಯಾರ ಜೊತೆ ಕಾಂಟ್ರಾಕ್ಟ್ ಇದೆಯೋ ಅವರಿಗೆ ಸಾಧ್ಯ, ಕಟಪಾಡಿಯ ಮಾಷ್ಟ್ರಿಗೆ ಇಲ್ಲ. ಫೈರ್‌ಫಾಕ್ಸ್ ಮಾತ್ರ ವಿ3 ತಂದರೂ ತಡೆಯುವ ಶಕ್ತಿಯನ್ನು ಎಲ್ಲರಿಗೂ ಉಳಿಸಿಕೊಂಡಿದೆ, ವಿ2ವನ್ನೂ ಹೊರಗೆ ಹಾಕಿಲ್ಲ. 2017ರಲ್ಲಿ ಅದಕ್ಕೆ ಬೈದವರು ಇದನ್ನೂ ಹೇಳಬೇಕು.

ಕೆಲವರು ಕೇಳುತ್ತಾರೆ, ಎಲ್ಲರೂ ಸೇರಿ ಒಂದು ಸ್ಟ್ಯಾಂಡರ್ಡ್ ಮಾಡಿದರೆ ಮುಗಿಯಿತಲ್ಲ? 2021ರ ಜೂನಿನಲ್ಲಿ ಡಬ್ಲ್ಯು3ಸಿ ಅಡಿಯಲ್ಲಿ ಆಪಲ್, ಗೂಗಲ್, ಮೈಕ್ರೋಸಾಫ್ಟ್, ಮೊಜಿಲ್ಲಾ ಕೂತು ಒಂದು ಕಮ್ಯುನಿಟಿ ಗ್ರೂಪ್ ಮಾಡಿಕೊಂಡವು. ಒಳ್ಳೆಯ ಕೆಲಸವೇ. ಆದರೂ ಇವತ್ತು ವಿ3ರಲ್ಲಿ ಹಿನ್ನೆಲೆ ಕೆಲಸಕ್ಕೆ ಕ್ರೋಮ್ ಸರ್ವಿಸ್ ವರ್ಕರ್ ಕೇಳುತ್ತದೆ, ಫೈರ್‌ಫಾಕ್ಸ್ ಈವೆಂಟ್ ಪುಟ ಕೇಳುತ್ತದೆ. ಒಂದೇ ಮ್ಯಾನಿಫೆಸ್ಟ್ ಕಡತದಲ್ಲಿ ಎರಡನ್ನೂ ಬರೆದು ಇಬ್ಬರನ್ನೂ ಸಮಾಧಾನ ಮಾಡಬೇಕು. ಸಫಾರಿಗೆ ಕೊಡಬೇಕಾದರೆ ಆಪಲ್‌ಗೆ ವರ್ಷಕ್ಕೆ 99 ಡಾಲರ್ ಕಟ್ಟಬೇಕು. ಉಚಿತವಾಗಿ ಹಂಚುವ ಸಾಮಾನಿಗೆ ಬಾಡಿಗೆ!

"ನಿನಗೆ ಯಾರು ಬರೆಯಲಿಕ್ಕೆ ಹೇಳಿದ್ದು? ಫ್ರೀ ಪ್ಲಾಟ್‌ಫಾರ್ಮ್, ಇಷ್ಟ ಇದ್ದರೆ ಇರು" ಅಂತ ನನ್ನ ಟೀಮಿನ ಒಬ್ಬ ಹುಡುಗ ಕ್ಯಾಂಟೀನಿನಲ್ಲಿ ಹೇಳಿದ. ಸರಿ, ಯಾರು ಹೇಳಿದ್ದು? ಬ್ರೌಸರ್‌ಗಳೇ ಹೇಳಿದ್ದು. ಎಕ್ಸ್‌ಪ್ಲೋರರ್ ಆಳುತ್ತಿದ್ದ ಕಾಲದಲ್ಲಿ ಫೈರ್‌ಫಾಕ್ಸ್ ಜನರ ಮನಸ್ಸು ಗೆದ್ದದ್ದರಲ್ಲಿ ಆಡ್-ಆನ್‌ಗಳ ಪಾಲು ಎಷ್ಟು ದೊಡ್ಡದು ಅಂತ ಆಗಿನವರಿಗೆ ಗೊತ್ತು. ಕ್ರೋಮ್ ಕೂಡ 2010ರಲ್ಲೇ ಬನ್ನಿ ಬನ್ನಿ ಅಂತ ಅಂಗಡಿ ತೆರೆದು ಕರೆಯಿತು. ಕಂಬಳಕ್ಕೆ ಕೋಣ ಬೇಕು ಅನ್ನುವಾಗ ಕೋಣ ಸಾಕಿದವನಿಗೆ ಶಾಲು ಹೊದಿಸಿ, ಗದ್ದೆ ತುಂಬಿದ ಮೇಲೆ ನಿನ್ನನ್ನು ಯಾರು ಕರೆದದ್ದು ಅಂತ ಕೇಳುವುದಾ?

ಅದೇ ಹುಡುಗ ಇನ್ನೊಂದು ಹೇಳಿದ: ಈಗ ಎಐಗೆ ಕೊಟ್ಟರೆ ಐದು ನಿಮಿಷದಲ್ಲಿ ವಿ2 ಕೋಡನ್ನು ವಿ3 ಮಾಡಿಕೊಡುತ್ತದೆ. ಮಾಡಿಕೊಡುತ್ತದೆ, ನಾನೂ ನೋಡಿದ್ದೇನೆ. ಆದರೆ ಕೋಡ್ ಟೈಪ್ ಮಾಡುವುದು ಖರ್ಚಿನ ಸಣ್ಣ ಭಾಗ ಅಂತ ನಮ್ಮ ಫೀಲ್ಡಿನಲ್ಲಿ ಇರುವವರಿಗೆ ಹೇಳಿಕೊಡಬೇಕಾ? ಹತ್ತಾರು ಹಳೇ ಪುಟ ತೆರೆದು ಒತ್ತಕ್ಷರ ಸರಿ ಬಂತಾ ನೋಡಬೇಕು. ನುಡಿಯ ಒಂದು ಆವೃತ್ತಿಯಲ್ಲಿ ಅರ್ಕಾವತ್ತು ಒಂದು ಕಡೆ, ಇನ್ನೊಂದು ಫಾಂಟಿನಲ್ಲಿ ಇನ್ನೊಂದು ಕಡೆ. ಆಮೇಲೆ ಅಂಗಡಿಯ ರಿವ್ಯೂಗೆ ಕಾಯಬೇಕು, ಈ ಅನುಮತಿ ಯಾಕೆ ಬೇಕು ಅಂತ ಪ್ರಬಂಧ ಬರೆಯಬೇಕು, ಕಾರಣ ಹೇಳದೆ ವಾಪಸ್ ಕಳಿಸಿದರೆ ಊಹೆ ಮಾಡಬೇಕು. ಕೊನೆಗೆ ಅರವತ್ತು ಜನರಲ್ಲಿ ಹತ್ತು ಜನ ಫೋನ್ ಮಾಡುತ್ತಾರೆ. ಯಾವ ಎಐ ಮಾಷ್ಟ್ರ ಫೋನ್ ಎತ್ತುತ್ತದೆ?

ಬದಲಾವಣೆ ಮಾಡದೆಯೇ ಒಂದು ಸ್ಟ್ಯಾಂಡರ್ಡ್ ಬಾಳಲಿಕ್ಕೆ ಸಾಧ್ಯವಾ ಅಂತ ಕೇಳಿದರೆ ಯುನಿಕೋಡ್ ತೋರಿಸುತ್ತೇನೆ. ಹಳಗನ್ನಡದಲ್ಲಿ ೞ ಅಂತ ಒಂದು ಅಕ್ಷರ ಇದೆ, ರಳ ಅನ್ನುತ್ತಾರೆ. ಯುನಿಕೋಡಿನಲ್ಲಿ ಅದರ ಅಧಿಕೃತ ಹೆಸರು "ಕನ್ನಡ ಲೆಟರ್ ಫ". ಎಲ್ಲಿಯ ರಳ, ಎಲ್ಲಿಯ ಫ! ಶುದ್ಧ ತಪ್ಪು, ಅದು ತಪ್ಪು ಅಂತ ಅವರಿಗೂ ಗೊತ್ತು. ಆದರೂ ಆ ಹೆಸರನ್ನು ಬದಲಾಯಿಸಿಲ್ಲ, ಮುಂದೆಯೂ ಬದಲಾಯಿಸುವುದಿಲ್ಲ. ಒಮ್ಮೆ ಕೊಟ್ಟ ಸಂಕೇತವನ್ನಾಗಲಿ ಹೆಸರನ್ನಾಗಲಿ ಮುಟ್ಟುವುದಿಲ್ಲ ಅಂತ ಅವರದ್ದು ಲಿಖಿತ ವಾಗ್ದಾನ. ಆ ಹೆಸರನ್ನು ನಂಬಿ ಯಾರೋ ಎಲ್ಲೋ ಪ್ರೋಗ್ರಾಮ್ ಬರೆದಿರಬಹುದು, ಅವನದ್ದು ಮುರಿಯಬಾರದು. ಪಕ್ಕದಲ್ಲಿ ಸರಿ ಹೆಸರನ್ನು ಅಲಿಯಾಸ್ ಅಂತ ಸೇರಿಸಿ ಸುಮ್ಮನಾದರು. ತಪ್ಪಿನ ಭಾರವನ್ನು ತಪ್ಪು ಮಾಡಿದವರೇ ಹೊತ್ತುಕೊಂಡಿದ್ದಾರೆ, ಕನ್ನಡದಲ್ಲಿ ಬರೆಯುವವನ ತಲೆಗೆ ಹಾಕಿಲ್ಲ.

ನಮ್ಮ ಪಕ್ಕದ ಶಂಕರಪುರದಲ್ಲಿ ಮಲ್ಲಿಗೆಯ ದರ ದಿನಾ ಏರಿಳಿಯುತ್ತದೆ, ಬೆಳೆದವರ ಕೈಯಲ್ಲಿ ಅದು ಇಲ್ಲ. ಆದರೆ ನಾಲ್ಕು ಚೆಂಡಿಗೆ ಒಂದು ಅಟ್ಟೆ ಅನ್ನುವ ಲೆಕ್ಕ ಹಾಗೇ ಇದೆ. ನಾಳೆಯಿಂದ ಅಟ್ಟೆಗೆ ಐದು ಚೆಂಡು, ಬಾಳೆನಾರು ಬೇಡ, ಹೊಸ ದಾರದಲ್ಲಿ ಕಟ್ಟಿ ತನ್ನಿ, ಇಲ್ಲದಿದ್ದರೆ ಹೂ ತಿಪ್ಪೆಗೆ ಅಂದರೆ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಕೊಯ್ದ ಹೆಂಗಸರು ಸುಮ್ಮನಿರುತ್ತಾರಾ? ಕನ್ನಡ ಕೀಲಿಮಣೆಯೂ ಹಾಗೇ. ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿ ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟ ವಿನ್ಯಾಸವೇ ಮುಂದೆ ನುಡಿಗೆ ಆಧಾರವಾಯಿತು. ಅದರ ಕೆಳಗೆ ಡಾಸ್ ಹೋಗಿ ವಿಂಡೋಸ್ ಬಂತು, ಫಾಂಟ್ ಸಂಕೇತ ಹೋಗಿ ಯುನಿಕೋಡ್ ಬಂತು, ಮೊಬೈಲ್ ಬಂತು. ಬೆರಳಿಗೆ ಕಲಿಸಿದ್ದನ್ನು ಯಾರೂ ಮರೆಸಬೇಕಾಗಲಿಲ್ಲ. ಒಳಗಿನದ್ದು ಎಷ್ಟು ಬೇಕಾದರೂ ಬದಲಿಸಿ, ಜನ ಮುಟ್ಟುವ ಜಾಗ ಮುಟ್ಟಬೇಡಿ.

ಇಷ್ಟೆಲ್ಲ ಬೈದ ಮೇಲೆ ನನ್ನ ಸ್ವಂತ ಆಫೀಸಿನ ಮಾತು ಹೇಳದಿದ್ದರೆ ಮೋಸ ಆಗುತ್ತದೆ. ಎರಡು ವರ್ಷದ ಹಿಂದೆ ನಾವೂ ಒಂದು ಹಳೇ ಎಪಿಐ ಬಂದ್ ಮಾಡಿದೆವು. "ಡಿಪ್ರಿಕೇಟೆಡ್" ಅಂತ ಬರೆದ ಆ ಈಮೇಲನ್ನು ಡ್ರಾಫ್ಟ್ ಮಾಡಿದ್ದೇ ನಾನು. ದೊಡ್ಡ ಗ್ರಾಹಕರು ಮೂರು, ಅವರಿಗೆ ನಮ್ಮದೇ ಇಂಜಿನಿಯರ್‌ಗಳನ್ನು ಕೂರಿಸಿ ಬದಲಿಸಿಕೊಟ್ಟೆವು. ಉಳಿದ ಸಣ್ಣವರಿಗೆ ಒಂದು ಲಿಂಕ್. ಲಾಂಗ್ ಟೇಲ್ ಅಂತ ಅವರಿಗೆ ಒಂದು ಹೆಸರು, ಮೀಟಿಂಗಿನಲ್ಲಿ ಎರಡು ನಿಮಿಷ. ಆ ಬಾಲದಲ್ಲಿ ಯಾವ ಊರಿನ ಯಾವ ಮಾಷ್ಟ್ರು ಇದ್ದರೋ ನನಗೆ ಗೊತ್ತಿಲ್ಲ. ಆ ಕ್ವಾರ್ಟರ್‌ನಲ್ಲಿ ನನಗೆ ಒಳ್ಳೆಯ ರೇಟಿಂಗ್ ಬಂತು.

ಹಾಗಾಗಿ ನಾನು ಕೇಳುವುದು ದೊಡ್ಡ ಕ್ರಾಂತಿ ಏನೂ ಅಲ್ಲ, ನಮ್ಮ ನಮ್ಮ ಕಂಪನಿಯಲ್ಲೂ ನಾವೇ ಕೇಳಬಹುದಾದಷ್ಟು. ಬದಲಿ ವ್ಯವಸ್ಥೆ ಪೂರ್ತಿ ಕೆಲಸ ಮಾಡುವ ತನಕ ಹಳೆಯದಕ್ಕೆ ಕೊನೆಯ ತಾರೀಕು ಹಾಕಬಾರದು. ಹಾಕಿದ ಮೇಲೆ, ಹಳೆಯದನ್ನು ಹೊಸದರ ಮೇಲೆ ಓಡಿಸುವ ಪದರವನ್ನು ಬದಲಿಸಿದವರೇ ಬರೆದುಕೊಡಬೇಕು. ಹೆದ್ದಾರಿಯವರು ಸರ್ವಿಸ್ ರೋಡ್ ಮಾಡುತ್ತಾರಲ್ಲ, ಹಾಗೆ. ಕಾಂಟ್ರಾಕ್ಟ್ ಇದ್ದವನಿಗೆ ಕೊಟ್ಟ ವಾಯಿದೆ ಇಲ್ಲದವನಿಗೂ ಸಿಗಬೇಕು. ಲಾಭಕ್ಕಲ್ಲದೆ ಬರೆದು, ಸಾವಿರಾರು ಜನ ನೆಚ್ಚಿಕೊಂಡ ಎಕ್ಸ್‌ಟೆನ್ಶನ್ ಇದ್ದರೆ ಅದನ್ನು ಬದಲಿಸುವ ಕೆಲಸಕ್ಕೆ ದುಡ್ಡು ಕೊಡಿ. ಈ ಕಂಪನಿಗಳು ಕಾಫಿಗೆ ಖರ್ಚು ಮಾಡುವಷ್ಟೂ ಆಗಲಿಕ್ಕಿಲ್ಲ.

ಮಾಷ್ಟ್ರ ಬಟನ್ ವಾಪಸ್ ಬರಲಿಲ್ಲ. ಮೂರನೇ ಸಲ ಅಂಗಡಿಯ ಎದುರು ಕ್ಯೂ ನಿಲ್ಲುವ ತಾಳ್ಮೆ ನನಗಿರಲಿಲ್ಲ. ಬದಲಿಗೆ ಚೌತಿಗೆ ಊರಿಗೆ ಹೋದಾಗ ಅದೇ ಕೋಡನ್ನು ಒಂದೇ ಒಂದು ಎಚ್‌ಟಿಎಂಎಲ್ ಕಡತ ಮಾಡಿ ಪೆನ್‌ಡ್ರೈವಿನಲ್ಲಿ ಕೊಟ್ಟೆ. ತೆರೆಯಬೇಕು, ಹಳೇ ಪುಟದ ಅಕ್ಷರ ಕಾಪಿ ಮಾಡಿ ಅಂಟಿಸಬೇಕು, ಕೆಳಗೆ ಕನ್ನಡ ಬರುತ್ತದೆ. ಮೊದಲು ಒಂದು ಒತ್ತಿನಲ್ಲಿ ಆಗುತ್ತಿದ್ದದ್ದಕ್ಕೆ ಈಗ ನಾಲ್ಕು ಕೆಲಸ. ಇಂಟರ್ನೆಟ್ ಬೇಡ, ಅಂಗಡಿ ಬೇಡ, ಯಾವ ಬ್ರೌಸರಿನಲ್ಲಾದರೂ ತೆರೆಯುತ್ತದೆ. ಮಾಷ್ಟ್ರು ಕನ್ನಡಕ ಏರಿಸಿಕೊಂಡು ಎರಡು ಪುಟ ಅಂಟಿಸಿ ನೋಡಿದರು.

"ಇದು ಪರವಾಗಿಲ್ಲ. ಆದರೆ ಸ್ವಲ್ಪ ಬೊಡ್ಡಾಗುತ್ತದೆ ಮಾರಾಯ," ಅಂದರು. "ಚಾ ಕುಡೀತಿಯಾ?"